ವೇದಿಕೆಯ ಕೆಳಗಿನ ವೈರು

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಗೆ ಬಂದ ಮ್ಯಾನೇಜರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಶನಿವಾರ ಕಂಪನಿಯ ವಾರ್ಷಿಕ ಸಭೆಯಲ್ಲಿ ಚೇರ್ಮನ್ನರು ಬಾಯಿ ತೆರೆದ ಕೂಡಲೇ ಮೈಕು ಸತ್ತು, ಹಿಂದಿನ ಪರದೆಯೂ ಕಪ್ಪಾಗಿತ್ತು. ಯಾರೋ ವೇದಿಕೆಯ ಕೆಳಗಿನ ಕರೆಂಟಿನ ವೈರನ್ನು ಗೋಡೆಯ ಸಾಕೆಟ್ ಸಮೇತ ಕಿತ್ತಿದ್ದರು.

"ಸೌಂಡಿನವರನ್ನ ಆರಿಸಿದ್ದು ನಾನು ಸಾರ್. ಅವರ ಬೇರೆ ಸಭೆಗಳಿಗೆ ಹೋಗಿ, ಹಿಂದಿನ ಸಾಲಲ್ಲಿ ಕೂತು ಕೇಳಿ ಬಂದೇ ಆರಿಸಿದ್ದು. ಈಗ ಚೇರ್ಮನ್ನರು, ಕಿತ್ತವನು ಸಿಗದಿದ್ರೆ ಆರಿಸಿದವನೇ ಮನೆಗೆ ಹೋಗಲಿ ಅಂತಾರೆ."

ಎಫ್‌ಐಆರ್ ದಾಖಲಾಯಿತು. ಸಭಾಂಗಣದಲ್ಲಿ ದಫೇದಾರ ಹೊಟ್ಟೆ ಎಳೆದುಕೊಂಡು ವೇದಿಕೆಯ ಕೆಳಗೆ ನುಸುಳಿ, ಒಳಗಿನಿಂದಲೇ ಪಂಚನಾಮೆ ಹೇಳತೊಡಗಿದ.

"ವೈರನ್ನ ಸಾಕೆಟ್ಟಿಗೆ ಕ್ಲಾಂಪು ಹಾಕಿ ಬಿಗಿದಿದ್ದಾರೆ. ಕಾಲು ತಾಗಿ ಬಿಚ್ಚೋ ವಸ್ತು ಅಲ್ಲ ಸಾರ್ ಇದು. ಸಾರ್, ಸ್ವಲ್ಪ ಎಳೀರಿ, ಸಿಕ್ಕೊಂಡೆ."

ಪಂಚರಿಬ್ಬರೂ ಒಂದೊಂದು ಕಾಲು ಹಿಡಿದು ಎಳೆದರು. ಅದನ್ನು ಪಂಚನಾಮೆಗೆ ಸೇರಿಸಲಿಲ್ಲ.

"ಆಮೇಲೆ ಸರಿಮಾಡಿದ್ದು ಯಾರು?" ಇನ್‌ಸ್ಪೆಕ್ಟರು ಮ್ಯಾನೇಜರನ್ನು ಕೇಳಿದರು.

"ನನ್ನ ಭಾಮೈದ. ಅವನದೂ ಸಣ್ಣ ಸೌಂಡಿನ ಅಂಗಡಿ. ಸಭೆ ನೋಡೋಕೆ ಬಂದಿದ್ದ. ದೇವರ ಹಾಗೆ ಓಡಿಬಂದು, ಬೇರೆ ಸಾಕೆಟ್ಟಿಂದ ವೈರು ಎಳೆದು ಮೈಕಿಗೆ ಜೀವ ಕೊಟ್ಟ."

"ವೈರು ಎಲ್ಲಿತ್ತು?"

"ಅವನ ಚೀಲದಲ್ಲಿ."

ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. ಅವರಿಗೂ ಒಬ್ಬ ಭಾಮೈದನಿದ್ದ. ಮದುವೆಯಾದಂದಿನಿಂದ ಆತ ಅವರ ಮನೆಗೆ ಹಸಿವೊಂದನ್ನು ಬಿಟ್ಟು ಬೇರೇನೂ ತಂದದ್ದಿಲ್ಲ.

ಮಧ್ಯಾಹ್ನ ದಫೇದಾರನೊಡನೆ ಮ್ಯಾನೇಜರ ಭಾಮೈದನ ಅಂಗಡಿಗೆ ಹೋದರು.

"ಸಭೆ ನೋಡೋಕೆ ಹೋಗೋನು ಅಷ್ಟುದ್ದ ವೈರು ಯಾಕೆ ಹೊತ್ತೆ?"

"ನಂಬಿಕಸ್ತನ ಹತ್ರ ಯಾವಾಗಲೂ ಒಂದು ಹೆಚ್ಚಿನ ವೈರು ಇರುತ್ತೆ ಸಾರ್."

"ಇವತ್ತಿನದು ತೋರಿಸು."

ಚೀಲದಲ್ಲಿ ಬುತ್ತಿ ಡಬ್ಬಿಯಷ್ಟೇ ಇತ್ತು.

"ಆ ಕ್ಲಾಂಪಿನ ಜೊತೆ ಗುದ್ದಾಡಿದವನ ಕೈ ಬೊಬ್ಬೆ ಎದ್ದಿರಬೇಕು ಬಿಡಿ," ಎಂದು ದಫೇದಾರ ಗಾಳಿಗೆ ಹೇಳಿದ. ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋದಂತೆ ಭಾಮೈದನ ಎರಡೂ ಕೈ ಜೇಬು ಸೇರಿದವು.

ಠಾಣೆಯಲ್ಲಿ ಅವನು ತಾನಾಗಿ ಹೇಳಿದ. ಅಕ್ಕನ ಮದುವೆಯಲ್ಲಿ ಅವನ ಮೈಕು ಕಿರುಚಿ, ಹಿರಿಯರೊಬ್ಬರು ಕುರ್ಚಿಯಿಂದ ಬಿದ್ದಿದ್ದರು. ಅಂದಿನಿಂದ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ "ನಮ್ಮ ಹುಡುಗನ ಸೌಂಡು" ಎಂದು ನಗುತ್ತಿದ್ದರು. ಈ ಸಭೆಯನ್ನಾದರೂ ಭಾವ ತನಗೆ ಕೊಟ್ಟಾರು ಎಂದು ಕಾದಿದ್ದ.

"ಒಂದು ಸಲ ಅವರ ಬಾಯಲ್ಲಿ 'ಚೆನ್ನಾಗಿ ಮಾಡಿದೆ' ಅಂತ ಬರಲಿ ಅಂತ ಸಾರ್."

"ಬಂತಾ?"

"ಬಂತು. ಎಲ್ಲರೆದುರು ಅಪ್ಪಿಕೊಂಡ್ರು," ಎಂದು ಅವನು ನೆಲ ನೋಡಿದ.

ಸಂಜೆ ಮ್ಯಾನೇಜರು ಮತ್ತೆ ಬಂದರು, ಹೆಂಡತಿ ಅಟ್ಟಿದ್ದಕ್ಕೆ. ದೂರು ಕೊಟ್ಟವರೇ ಜಾಮೀನಿಗೂ ನಿಂತದ್ದು ದಫೇದಾರನ ಸರ್ವೀಸಿನಲ್ಲಿ ಇದೇ ಮೊದಲು.

"ನನ್ನ ಕೆಲಸ ಉಳೀತು ಸಾರ್. ಆದ್ರೆ ಚೇರ್ಮನ್ನರು ಕೇಳ್ತಾರೆ, ಮುಂದಿನ ವರ್ಷ ನಂಬಿ ಯಾರನ್ನ ಕರೆಯೋದು ಅಂತ."

ಇನ್‌ಸ್ಪೆಕ್ಟರು ಬಾಯಿ ತೆರೆಯುವ ಮೊದಲೇ ಲಾಕಪ್ಪಿನೊಳಗಿಂದ ಉತ್ತರ ಬಂತು.

"ಆ ಸೌಂಡಿನವರನ್ನೇ ಕರೀರಿ ಭಾವ. ಗೋಡೆಗೆ ಕಾಲು ಕೊಟ್ಟು ಎಳೆದೆ. ಗೋಡೆಯಿಂದ ಸಾಕೆಟ್ಟೇ ಕಿತ್ತು ಬಂತು, ಅವರ ವೈರು ಮಾತ್ರ ಬಿಚ್ಚಲಿಲ್ಲ."