ಹನ್ನೊಂದು ಗಂಟೆಯ ಸ್ನ್ಯಾಪ್‌ಶಾಟ್

ಮಂಗಳವಾರ ಮಧ್ಯಾಹ್ನ 2.40ಕ್ಕೆ ಬಸ್ ಚಾಲಕನೊಬ್ಬನ ಹೆಂಡತಿ ಠಾಣೆಗೆ ಬಂದು ದೂರು ಕೊಟ್ಟಳು. ಆಸ್ಪತ್ರೆಯಲ್ಲಿ ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಅವಳ ಗಂಡ ಮೊದಲಿಗ. ಊಟದ ಹೊತ್ತಿಗೆ ಎರಡನೆಯವ. ಕೇಳಿದರೆ ಎಲ್ಲರೂ ಕಂಪ್ಯೂಟರ್ ಕಡೆ ಕೈ ತೋರಿಸಿದ್ದರು.

"ಮುಂದೆ ಬರೋ ಕಿಡ್ನಿ ಮೊದಲನೆಯವರಿಗಂತೆ ಸರ್. ಇವರು ಇನ್ನೊಂದು ತಿಂಗಳು ತಡೆಯಲ್ಲ."

3.15ಕ್ಕೆ ಎಫ್‌ಐಆರ್ ಆಯಿತು. ನಾಲ್ಕಕ್ಕೆ ಇನ್ಸ್‌ಪೆಕ್ಟರ್, ಮಹಿಳಾ ಕಾನ್‌ಸ್ಟೆಬಲ್ ಜೊತೆ ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿದ್ದರು. ಅಲ್ಲಿ ರೋಗಿಗಳ ದಾಖಲೆಯ ಡೇಟಾಬೇಸ್ ನೋಡಿಕೊಳ್ಳುವವಳು, ಕೊಡೆಯನ್ನೂ ಎರಡೆರಡು ತರುತ್ತಾಳೆಂದು ಎಲ್ಲರ ಬಾಯಲ್ಲಿ ಬ್ಯಾಕಪ್ ಅಕ್ಕ. ಆಸ್ಪತ್ರೆಯ ಕೆಲಸ ನಿಲ್ಲಿಸುವಂತಿಲ್ಲ, ಹಾಗಾಗಿ ಗಂಟೆಗೊಮ್ಮೆ ಡಿಸ್ಕ್ ಆ ಕ್ಷಣಕ್ಕೆ ಹೇಗಿದೆಯೋ ಹಾಗೇ ಹಿಡಿದಿಡುತ್ತೇನೆ, ಅದೇ ಸ್ನ್ಯಾಪ್‌ಶಾಟ್ ಎಂದು ವಿವರಿಸಿದಳು. ಪಟ್ಟಿ ತಿದ್ದಿದವರ ದಾಖಲೆ ಮಾತ್ರ ಅಳಿಸಿಹೋಗಿದೆಯಂತೆ.

"ಹನ್ನೊಂದು ಗಂಟೆಯದು ತೆಗೀರಿ," ಎಂದರು ಇನ್ಸ್‌ಪೆಕ್ಟರ್.

"ಅದನ್ನ ನಂಬೋಕಾಗಲ್ಲ ಸರ್. ಡೇಟಾಬೇಸ್ ಓಡ್ತಿರೋವಾಗ ತೆಗೆದಿದ್ದು. ಅರ್ಧಂಬರ್ಧ ಇರುತ್ತೆ."

ಇನ್ಸ್‌ಪೆಕ್ಟರಿಗೆ ಇದರ ತಲೆಬುಡ ತಿಳಿಯದು. ಸುಮ್ಮನೆ ತಲೆಯಾಡಿಸಿದರು. ಕಾನ್‌ಸ್ಟೆಬಲ್ ಅಷ್ಟರಲ್ಲಿ ಮೇಜಿನ ಮೇಲಿನ ರಿಜಿಸ್ಟರ್ ಓದುತ್ತಿದ್ದಳು. ಎಲ್ಲ ಪುಟಗಳಲ್ಲೂ ಒಂದೇ ದುಂಡನೆಯ ಕೈಬರಹ. ಆ ದಿನದ್ದು ಹೀಗಿತ್ತು: ‘11.00. ಡೇಟಾಬೇಸಿಗೆ ಬರೆಯುವುದನ್ನು ಮೂರು ಸೆಕೆಂಡು ತಡೆದು, ಡೇಟಾ ಡಿಸ್ಕ್, ಬದಲಾವಣೆ ದಾಖಲಾಗುವ ಲಾಗ್ ಡಿಸ್ಕ್ ಎರಡನ್ನೂ ಒಟ್ಟಿಗೇ ತೆಗೆದೆ. 11.20. ಬೇರೆ ಯಂತ್ರದಲ್ಲಿ ತೆರೆದು ನೋಡಿದೆ. ಎಲ್ಲ ಸರಿಯಿದೆ.’

ಪುಸ್ತಕ ತಿರುಗಿಸಿ ಬ್ಯಾಕಪ್ ಅಕ್ಕನ ಮುಂದಿಟ್ಟಳು. "ನಿಮ್ಮ ಬರಹ ತಾನೇ, ಅಕ್ಕ?"

ಅವಳು ರಿಜಿಸ್ಟರ್ ಮುಚ್ಚಿ, ಆ ಬೇರೆ ಯಂತ್ರದ ಕಡೆ ಕೈ ತೋರಿಸಿದಳು.

5.50ಕ್ಕೆ ಪಂಚರ ಎದುರು ಆ ಸ್ನ್ಯಾಪ್‌ಶಾಟ್ ಬೇರೆ ಯಂತ್ರದಲ್ಲಿ ತೆರೆಯಿತು. ಪಟ್ಟಿಯಲ್ಲಿ ಚಾಲಕ ಮೊದಲಿಗ. ಈಗ ಅವನ ಮೇಲೆ ಬಂದು ಕೂತಿದ್ದವನು ಅಲ್ಲಿ ಒಂಬತ್ತನೆಯವ: ಬ್ಯಾಕಪ್ ಅಕ್ಕನ ಸ್ವಂತ ತಮ್ಮ. ಪಂಚನಾಮೆಗೆ ಸಹಿಗಳಾದವು, ಪಟ್ಟಿ ಮೊದಲಿನಂತಾಯಿತು. 6.45ಕ್ಕೆ ಬಂಧನ.

ತಮ್ಮನಿಗೆ ಉಳಿದಿರುವುದು ಕೆಲವೇ ವಾರ ಎಂದು ವೈದ್ಯರು ಹೇಳಿದ್ದು ಅಂದು 11.30ಕ್ಕೆ. ಅವಳು ಪಟ್ಟಿ ತಿದ್ದಿದ್ದು 11.40ಕ್ಕೆ. ಇಷ್ಟನ್ನು ಅವಳೇ ಹೇಳಿದಳು.

"ಸ್ನ್ಯಾಪ್‌ಶಾಟ್ ಅಳಿಸಿಬಿಟ್ಟಿದ್ರೆ ಸಿಕ್ಕಿಬೀಳ್ತಿರಲಿಲ್ಲ," ಎಂದರು ಇನ್ಸ್‌ಪೆಕ್ಟರ್.

"ಅದರಲ್ಲಿ ಒಂಬೈನೂರು ಜನರ ರಿಪೋರ್ಟ್ ಇತ್ತು ಸರ್. ಡಿಸ್ಕ್ ಕೈಕೊಟ್ಟಿದ್ರೆ?"

ಹೊರಡುವಾಗ ಅವಳು ಬಾಗಿಲ ಬಳಿ ನಿಂತು ಗಡಿಯಾರ ನೋಡಿದಳು. ಏಳಕ್ಕೆ ಐದು ನಿಮಿಷವಿತ್ತು. ಅವಳ ಸಹಾಯಕಿ ಕೀಬೋರ್ಡಿನ ಮುಂದೆ ಕೂತಿದ್ದಳು.

"ಏಳು ಗಂಟೆಯದು ನೀನು ತೆಗಿ," ಎಂದಳು. "ತೆಗೆದ ಮೇಲೆ ತೆರೆದು ನೋಡೋದು ಮರೀಬೇಡ."