ಬೆರಳು ನಿಂತ ಪ್ರಶ್ನೆ

ಕಡಗಂಚಿಯ ರೊಟ್ಟಿ ಕೇಂದ್ರಕ್ಕೆ ಅಜಯಕುಮಾರ ಮೊದಲ ಸಲ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಯಡ್ರಾಮಿಯ ಹುಡುಗ. ಆಸ್ಪತ್ರೆಯೊಂದು ತೊನ್ನಿಗೆ ಹೊಸ ಮುಲಾಮು ಪರೀಕ್ಷಿಸುತ್ತಿತ್ತು. ಅದಕ್ಕೆ ಒಪ್ಪುವವರು ಹೆಸರು ಹಚ್ಚುವ ವೆಬ್‌ಸೈಟು ಮಾಡುವುದು ಅವನ ಕೆಲಸ. ಮಂದಿಯ ಬೆರಳು ಎಲ್ಲಿ ತಡೆಯುತ್ತದೆ ಎಂದು ನೋಡಿ, ಅಲ್ಲಿ ತಿದ್ದುತ್ತಾನಂತೆ.

“ಫೋನ್ ಈಕಿಗಿ ಕೊಡ್ರಿ. ಏಳನೇತ್ತಕ್ಕ ಸಾಲಿ ಬಿಟ್ಟಾಳ,” ಎಂದಳು ಒಡತಿ ಮಲ್ಕಮ್ಮ.

“ಅಂಥವ್ರೇ ಬೇಕ್ರಿ. ಓದಿದವ್ರು ನೋಡದೇ ಚಂದ ಅದ ಅಂತಾರ.”

ನಕ್ಕಾಗ ಅವನಿಗೆ ಒಂದೇ ಕೆನ್ನೆಯಲ್ಲಿ ಗುಳಿ. ನಾನು ಅದನ್ನೇ ನೋಡಿದ್ದನ್ನು ಅವನು ನೋಡಿಬಿಟ್ಟ. ಹಿಟ್ಟಿನ ಕೈ ಒರೆಸಿಕೊಂಡು, ತಲೆ ತಗ್ಗಿಸಿ ಅವನ ಫೋನು ತೆಗೆದುಕೊಂಡೆ.

ಹೆಸರು ಒತ್ತಿದೆ: ಮಧುಮತಿ. ಊರು ಒತ್ತಿದೆ. ಮುಂದಿನ ಪ್ರಶ್ನೆ: ನಿಮ್ಮ ಮೈಮೇಲೆ ಬಿಳಿ ಕಲೆಗಳಿವೆಯೇ?

ಬೆರಳು ನಿಂತಿತು. ‘ಇಲ್ಲ’ ಒತ್ತಬಹುದಿತ್ತು. ಅವನು ಅಷ್ಟು ಹತ್ತಿರ ಕೂತಿರುವಾಗ ಸುಳ್ಳು ಒತ್ತಲಾಗಲಿಲ್ಲ. ನಿಜ ಒತ್ತಿದರೆ ಅವನು ಅಷ್ಟು ಹತ್ತಿರ ಕೂಡುವುದಿಲ್ಲ.

“ಓದಾಕ ಬರವಲ್ದೇನ್ರಿ?” ಮೆತ್ತಗೆ ಕೇಳಿದ.

ನನಗೆ ಚೆನ್ನಾಗಿ ಓದಲು ಬರುತ್ತದೆ. ಆದರೂ ಹೂಂ ಎಂದೆ. ರವಿಕೆಯ ತೋಳಿನೊಳಗೆ ಮುಚ್ಚಿಟ್ಟ ಬಿಳಿ ಕಲೆಗಿಂತ ಆ ನಾಚಿಕೆ ಹಗುರ.

ಮುಂದಿನ ವಾರ ಅಕ್ಷರ ದೊಡ್ಡದು ಮಾಡಿ ತಂದ. ಬೆರಳು ಅಲ್ಲೇ ನಿಂತಿತು. ಮತ್ತೊಮ್ಮೆ, “ನಿಮ್ಮ ಸಲುವಾಗೇ ದನಿ ಹಾಕೇನ್ರಿ,” ಎನ್ನುತ್ತ ಬಂದ. ಒತ್ತಿದೊಡನೆ ಅವನದೇ ದನಿ ಕೇಂದ್ರವೆಲ್ಲ ತುಂಬಿತು:

“ನಿಮ್ಮ ಮೈಮ್ಯಾಲ ಬಿಳಿ ಕಲಿ ಅದಾವೇನ್ರಿ?”

“ಹೇಳ ಬೇ ಮಧು, ಅದಾವೇನು?” ಮಲ್ಕಮ್ಮ ಕಿಚಾಯಿಸಿದಳು. ಹಂಚಿನ ಮುಂದಿದ್ದವರೆಲ್ಲ ನಕ್ಕರು.

ಫೋನು ಕೆಳಗಿಟ್ಟು ಹಿತ್ತಲಿಗೆ ಓಡಿದೆ. ಅದನ್ನೆತ್ತಿಕೊಂಡು ಅವನೂ ಹಿಂದೆಯೇ ಬಂದ.

“ಇನ್ನಾ ತಿಳೀವಲ್ದೇನ್ರಿ?”

“ಮೊದಲ್ನೇ ದಿನಾನ ತಿಳಿದಿತ್ರಿ.” ಅವನ ಕೈಯಿಂದ ಫೋನು ಕಸಿದು ‘ಹೌದು’ ಒತ್ತಿದೆ.

ಅವನ ಕಿವಿ ಕೆಂಪಾದವು. ಸದಾ ನನ್ನ ಬೆರಳನ್ನೇ ನೋಡುತ್ತಿದ್ದವನು ನೆಲ ನೋಡಿದ.

“ತಪ್ಪಾತ್ರಿ. ಮಂದ್ಯಾಗ ಕೇಳೂ ಮಾತಲ್ಲ ಅದು. ದನಿ ತೆಗೀತೇನಿ. ಇನ್ನ ವೆಬ್‌ಸೈಟ್ ಟೆಸ್ಟಿಗಿ ನಿಮ್ಮನ್ನ ಕರ್ಯಾಂಗಿಲ್ಲ,” ಎಂದ.

ಮುಗಿಯಿತು ಅಂದುಕೊಂಡೆ.

ಅವನು ಹೋಗಲಿಲ್ಲ. “ಟೆಸ್ಟಿಗಿ ಬ್ಯಾರೆ ಊರಾಗೂ ಮಂದಿ ಅದಾರ್ರಿ. ನಾ ಇಲ್ಲಿಗೇ ಯಾಕ ಬರ್ತಿದ್ನಿ, ಹೇಳ್ರಿ?”

ಈಗ ಅವನು ನೋಡುತ್ತಿದ್ದದ್ದು ನನ್ನ ಮುಖವನ್ನು.

“ಕೆಲಸಿಲ್ದ ಬಂದ್ರ ನಡೀತದೇನ್ರಿ?”

“ಬರ್ರಿ,” ಅಂದೆ. ದನಿ ಹೊರಡಲಿಲ್ಲ. ಇನ್ನೊಮ್ಮೆ ಅಂದೆ.