ಅವನನ್ನು ಬಿಡಿಸುವ ಪಾಠ

ಬೀರುವಿನ ಮೇಲಿಟ್ಟಿದ್ದ ಕಾಗದದ ಚೀಲ ಖಾಲಿಯಾಗಿತ್ತು! ಸೊಸೆ ಕುರ್ಚಿಯ ಮೇಲೆ ನಿಂತೇ ಅದನ್ನು ತಲೆಕೆಳಗು ಮಾಡಿ ಕೊಡವಿದಳು, ಒಳಗೆ ಕೈಹಾಕಿ ಮೂಲೆಮೂಲೆ ತಡಕಿದಳು. ಗಂಡನ ಬಿಳಿ ಅಂಗಿ ಇರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಕೋರ್ಟಿನಲ್ಲಿ ಅದನ್ನು ವಕೀಲರ ಕೈಗೆ ಒಪ್ಪಿಸಬೇಕಾಗಿತ್ತು. ಅತ್ತೆಯನ್ನು ಕೂಗಿದಳು. ಅತ್ತೆ ಮಗನನ್ನು ನೋಡಲು ಆಗಲೇ ಕೋರ್ಟಿಗೆ ಹೊರಟುಹೋಗಿದ್ದರು. ಅಡುಗೆಮನೆಯ ಪಕ್ಕದಲ್ಲಿದ್ದ ಇಸ್ತ್ರಿಪೆಟ್ಟಿಗೆಯ ಮೇಲೆ ಸುಮ್ಮನೆ ಕೈಯಿಟ್ಟಳು. ಅದಿನ್ನೂ ಬೆಚ್ಚಗಿತ್ತು... ಚೀಲವನ್ನು ಅಲ್ಲೇ ಬಿಟ್ಟು ಕೋರ್ಟಿಗೆ ಓಡಿದಳು.

ಅವಳ ಗಂಡ ಮರಗೆಲಸದ ಕಾರ್ಖಾನೆಯಲ್ಲಿ ಯಂತ್ರ ನಡೆಸುವವನು. ಹಲಗೆಗಳ ರಾಶಿಯ ಹಿಂದೆ ಜೊತೆಗಾರನೊಬ್ಬ ತಲೆಯೊಡೆದು ಬಿದ್ದಿದ್ದನ್ನು ಕಂಡು, ಹಿಂದೆಮುಂದೆ ನೋಡದೆ ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ್ದ. ಆ ಮನುಷ್ಯ ಬದುಕಲಿಲ್ಲ. ಇಬ್ಬರೂ ಕೆಲವು ದಿನಗಳ ಹಿಂದೆ ಜಗಳವಾಡಿದ್ದು ಕಾರ್ಖಾನೆಗೆಲ್ಲ ಗೊತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು. ಎದುರು ನಿಂತು ಹೊಡೆದವನೂ ಇವನೇ, ಆಮೇಲೆ ಹೆದರಿ ಹೊತ್ತು ತಂದವನೂ ಇವನೇ ಎಂದು ಬರೆದುಕೊಂಡರು. ಮನೆಗೆ ಬಂದು ಸ್ನಾನ ಮಾಡಿ ಬಟ್ಟೆ ಬದಲಿಸಿದ್ದವನನ್ನು ಹಾಗೆಯೇ ಕರೆದೊಯ್ದರು. ಬಿಚ್ಚಿಹಾಕಿದ ಅಂಗಿಯನ್ನು ಯಾರೂ ಕೇಳಲಿಲ್ಲ. ಆದರೆ ಆ ಅಂಗಿಯ ಬೆನ್ನು ರಕ್ತದಲ್ಲಿ ತೊಯ್ದಿತ್ತು, ಎದೆಯ ಮೇಲೆ ಒಂದು ಹನಿಯೂ ಇರಲಿಲ್ಲ! ಅಷ್ಟು ಬಲವಾಗಿ ಹೊಡೆದವನ ಎದೆಗೆ ಒಂದು ಹನಿಯಾದರೂ ಸಿಡಿಯದೆ ಇರುತ್ತದೆಯೇ? ಅದನ್ನು ಯಾರ ಕೈಗೂ ಕೊಡಬೇಡಿ, ನೇರವಾಗಿ ನ್ಯಾಯಾಧೀಶರ ಮುಂದೆಯೇ ಇಡೋಣ ಎಂದಿದ್ದರು ವಕೀಲರು.

ಜೋಪಾನ ಮಾಡುವುದು ಹೇಗೆಂದು ಸೊಸೆಗೆ ಗೊತ್ತಿತ್ತು. ಅವಳು ಮನೆಯಲ್ಲೇ ಕೂತು, ಮೊಬೈಲಿನಲ್ಲಿ ಪಾಠ ಕೇಳಿ, ಅಪರಾಧ ಮತ್ತು ನ್ಯಾಯದ ವಿಷಯದಲ್ಲಿ ಪದವಿ ಓದುತ್ತಿದ್ದಳು. ರಕ್ತದ ಬಟ್ಟೆಯನ್ನು ನೆರಳಲ್ಲಿ ಒಣಗಿಸಬೇಕು, ಪ್ಲಾಸ್ಟಿಕ್ಕಿಗೆ ಹಾಕದೆ ಕಾಗದದ ಚೀಲಕ್ಕೆ ಹಾಕಬೇಕು, ಇನ್ನೊಬ್ಬರು ಮುಟ್ಟಬಾರದು. ಪಾಠದಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದಳು. ಅತ್ತೆಗೆ ಒಂದು ಮಾತು ಹೇಳಿರಲಿಲ್ಲ, ಅಷ್ಟೇ.

ಹೇಳುವುದಾದರೂ ಹೇಗೆ? ಅತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ಆಯುಸ್ಸು ಸವೆಸಿದವರು. ಸೊಸೆಯ ಓದು ಕಂಡರೆ ಅವರಿಗೆ ಮೈಯೆಲ್ಲ ಉರಿ. ಸಂಸಾರಸ್ಥರ ಮನೆಯಲ್ಲಿ ದಿನಾ ಕೊಲೆ, ದರೋಡೆಯ ಪಾಠವೇ ಎಂದು ಮೂಗು ಮುರಿಯುತ್ತಿದ್ದರು. ಮಗ ಮಾತ್ರ ನಗುತ್ತ ಹೆಂಡತಿಯನ್ನು 'ಇನ್‌ಸ್ಪೆಕ್ಟ್ರಮ್ಮ' ಎಂದು ಕರೆದು, ಪಾಠದ ಹೊತ್ತಿಗೆ ತಾನೇ ಪಾತ್ರೆ ತೊಳೆಯುತ್ತಿದ್ದ. ಅವನನ್ನು ಪೊಲೀಸರು ಕರೆದೊಯ್ದ ದಿನ ಅತ್ತೆ ಬಾಗಿಲಲ್ಲೇ ಕುಸಿದು, "ಓದಿ ಓದಿ ಪೊಲೀಸ್ರನ್ನ ಮನೆಗೇ ತಂದ್ಯಲ್ಲೇ" ಅಂದರು. ಅಂದಿನಿಂದ ಒಂದೇ ಸೂರಿನಡಿ ಇಬ್ಬರ ನಡುವೆ ಮಾತು ಸತ್ತುಹೋಗಿತ್ತು.

ಕೋರ್ಟಿನ ಮೊಗಸಾಲೆಯಲ್ಲಿ ಅವಳು ಏದುಸಿರು ಬಿಡುತ್ತ ನಿಂತಾಗ ಎಲ್ಲ ಕೈಮೀರಿತ್ತು. ಇಬ್ಬರು ಪೇದೆಗಳ ನಡುವೆ ಗಂಡ ಕೂತಿದ್ದ. ಮೈಮೇಲೆ ಅದೇ ಅಂಗಿ... ಹಾಲಿನಂತೆ ಬೆಳ್ಳಗೆ, ತೋಳಿನ ಮಡಿಕೆ ನೆಟ್ಟಗೆ! ಅದನ್ನು ತಂದು ತೊಡಿಸಿದ್ದ ಅತ್ತೆ ಪೇದೆಗೆ ವಿವರಿಸುತ್ತಿದ್ದರು.

"ಜಡ್ಜ್ ಮುಂದೆ ನನ್ನ ಮಗ ಮಾಸಿದ ಬಟ್ಟೇಲಿ ನಿಲ್ಲೋದಾ? ಚೀಲಕ್ಕೆ ತುರುಕಿ ಬೀರು ಮೇಲೆ ಎಸೆದಿದ್ಲು ಮಹಾರಾಯ್ತಿ. ಒಣಗಿದ ರಕ್ತ ಸುಲಭಕ್ಕೆ ಬಿಡಲ್ಲಪ್ಪ. ತಣ್ಣೀರಲ್ಲಿ ನೆನೆಸಿ, ಉಪ್ಪು ಹಾಕಿ ತಿಕ್ಕಿದೆ. ಈಗ ಒಂದು ಕಲೆ ಇದ್ರೆ ತೋರಿಸು."

ವಕೀಲರು ತಲೆಯ ಮೇಲೆ ಕೈಹೊತ್ತರು. ಸೊಸೆಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ಕಲೆ ಬೆನ್ನಿನ ಮೇಲೆ ಮಾತ್ರ ಇತ್ತೆಂದು ಒಗೆದವರಿಂದಲೇ ಹೇಳಿಸಬಹುದು. ತಾಯಿಯ ಮಾತನ್ನು ನಂಬುವವರು ಕಡಿಮೆ, ಸಾಕ್ಷ್ಯ ಹಾಳುಮಾಡಿದರೆಂದು ಅವರ ಮೇಲೂ ಕೇಸು ಬರಬಹುದು. ಆದರೂ ಬೇರೆ ದಾರಿಯಿಲ್ಲ. ಅತ್ತೆ ನೀರು ತರಲು ಹೋದಾಗ ಅವಳು ಗಂಡನಿಗೆ ಅದನ್ನೇ ಹೇಳಿದಳು.

"ಬೇಡ," ಎಂದ ಅವನು. "ನನ್ನನ್ನ ಒಳಗೆ ಹಾಕಿಸಿದ್ದು ತನ್ನ ಕೈಯೇ ಅಂತ ಗೊತ್ತಾದ್ರೆ ಅಮ್ಮ ಉಳಿಯಲ್ಲ. ನಾನು ಒಳಗಿದ್ರೂ ಬದುಕಿರ್ತೀನಿ."

"ಮತ್ತೆ ನಾನು?"

"ನೀನು ಸುಮ್ಮನಿರಬೇಕು, ಇನ್‌ಸ್ಪೆಕ್ಟ್ರಮ್ಮ. ನಿನ್ನನ್ನ ಬೇರೇನೂ ಕೇಳಲ್ಲ."

ಬಾಯಿಬಿಟ್ಟರೆ ಅತ್ತೆ ಹೋಗುತ್ತಾರೆ, ಬಿಡದಿದ್ದರೆ ಗಂಡ... ಅಷ್ಟರಲ್ಲಿ ಅತ್ತೆ ನೀರಿನ ಬಾಟಲಿ ಹಿಡಿದು ಬಂದು, ಮಗನ ಕಾಲರು ಸರಿಮಾಡಿದರು. ಸೊಸೆ ವಕೀಲರ ಕಡೆ ತಿರುಗಿ ಬೇಡವೆಂದು ತಲೆಯಾಡಿಸಿದಳು. ಆ ದಿನ ಜಾಮೀನು ಸಿಗಲಿಲ್ಲ.

ಆಮೇಲೆ ನಡೆದದ್ದು ಅವಳ ಪಾಲಿಗೆ ಇನ್ನೂ ಕಠಿಣವಾಯಿತು. ಅತ್ತೆಯ ಸಿಟ್ಟು ಕರಗಿಹೋಯಿತು. ಅವಳು ಪಾಠಕ್ಕೆ ಕೂತಾಗ ತಾವೂ ಮಣೆ ಎಳೆದುಕೊಂಡು ಬಂದು ಕೂತರು.

"ಇಷ್ಟು ದಿನ ಬೈದೆ, ಮನಸ್ಸಿಗೆ ಹಚ್ಕೋಬೇಡ ಕಣೇ. ಅವನನ್ನ ಬಿಡಿಸೋ ಪಾಠ ಯಾವಾಗ ಬರುತ್ತೆ? ನಂಗೂ ಕೇಳಿಸಲಿ, ಜೋರಾಗಿಡು."

ದಿನವೂ ಕೂತರು. ಅರ್ಥವಾಗದಿದ್ದರೂ ಮೊಬೈಲಿನೊಳಗಿನ ಮೇಷ್ಟ್ರಿಗೆ ತಲೆಯಾಡಿಸಿದರು, ಸೊಸೆಗೆ ನಿದ್ದೆ ಬಂದರೆ ಕಾಫಿ ಮಾಡಿಕೊಟ್ಟರು. ಒಂದು ದಿನ ಮೇಷ್ಟ್ರು, ಪರೀಕ್ಷೆ ಹತ್ತಿರ ಬಂತು, ಹಳೆಯ ಪಾಠವನ್ನೆಲ್ಲ ಇನ್ನೊಮ್ಮೆ ನೋಡೋಣ ಎಂದರು. "ಮೊದಲಿಗೆ, ರಕ್ತವಾದ ಬಟ್ಟೆ. ಮನೆಯವರು ತಿಳಿಯದೆ ಅದನ್ನು ಒಗೆದುಬಿಟ್ಟರೆ..."

ಸೊಸೆಯ ಬೆರಳು ತಾನಾಗಿ ಮೊಬೈಲಿನ ಗುಂಡಿ ಒತ್ತಿತು. ಪರದೆ ಕಪ್ಪಾಯಿತು.

ಪಾಠ ನಿಂತುಹೋಯಿತೇ ಎಂದು ಅತ್ತೆ ಗಾಬರಿಯಾಗಿ ಕೇಳಿದರು. ನೆಟ್‌ವರ್ಕ್ ಇಲ್ಲ ಎಂದಳು. ನಾಳೆ? ನಾಡಿದ್ದು? ಈ ಮನೆಯಲ್ಲಿ ಆ ಪಾಠ ಎಂದಾದರೂ ಅತ್ತೆಯ ಕಿವಿಗೆ ಬಿದ್ದೇ ಬೀಳುತ್ತದೆ. ಗಂಡ ಪಾತ್ರೆ ತೊಳೆದು ಓದಿಸಿದ ಓದು... ಮರುದಿನ ಕಾಲೇಜಿಗೆ ಫೋನು ಮಾಡಿ ತನ್ನ ಹೆಸರು ತೆಗೆಸಿಬಿಟ್ಟಳು.

ಮುಂದಿನ ವಿಚಾರಣೆಗೆಂದು ಅತ್ತೆ ಜೈಲಿನಿಂದ ಅಂಗಿ ತಂದು ಮತ್ತೆ ಒಗೆದರು. ಹಿಂಡಲು ಸೊಸೆಯನ್ನು ಕರೆದರು. ಮಣೆ ಮೂಲೆ ಸೇರಿದ್ದು, ಮೊಬೈಲು ಸುಮ್ಮನೆ ಬಿದ್ದಿದ್ದು ಅವರ ಕಣ್ಣಿಗೆ ಬಿದ್ದಿತ್ತು.

"ಓದು ಬಿಟ್ಟುಬಿಟ್ಯಾ? ಅವನನ್ನ ಬಿಡಿಸೋ ಪಾಠ ಬರೋಕೆ ಮುಂಚೇನೇ?"

"ಆ ಪಾಠ ಆಗಿಹೋಯ್ತು ಅತ್ತೆ."

"ಹೌದಾ? ನಾನು ಕೇಳಲೇ ಇಲ್ವಲ್ಲ."

"ನೀವು ಕೇಳೋದು ಬೇಡ ಬಿಡಿ. ನಂಗೆ ಬಂದಿದೆ."

ಅತ್ತೆ ನಂಬಿದರು. ಒದ್ದೆ ಅಂಗಿಯನ್ನು ಬೆಳಕಿಗೆ ಹಿಡಿದು, ಒಂದು ಕಲೆಯೂ ಇಲ್ಲ ನೋಡು ಎಂದರು. ಹೌದು ಎಂದಳು ಸೊಸೆ, ಅದನ್ನು ಅವರ ಕೈಯಿಂದ ತೆಗೆದುಕೊಂಡು ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು.